ಮೊಟ್ಟೆಯೊಡೆದ ಮರಿ ಬ್ರೂಡರ್ ಸೇರುವ ತನಕ

ಮನೆಯಲ್ಲೇ ಕೋಳಿಮರಿ ಮಾಡಿಸುವುದು ಈಗ ಕಷ್ಟದ ಕೆಲಸವಲ್ಲ. ಒಂದು ಥರ್ಮಾಕೋಲ್ ಡಬ್ಬ, ಚಿಕ್ಕ ಫ್ಯಾನು, ಥರ್ಮೋಸ್ಟ್ಯಾಟ್ ಬೋರ್ಡು, ಎರಡು ಬಲ್ಬು ಇದ್ದರೆ ಐವತ್ತು ಮೊಟ್ಟೆಗೆ ಕಾವು ಕೊಡಬಹುದು. ಗಿರಿರಾಜ, ಸ್ವರ್ಣಧಾರಾದಂಥ ಸುಧಾರಿತ ತಳಿಯ ಹೇಂಟೆಗಳು ಕಾವಿಗೆ ಕೂರುವುದು ಕಡಿಮೆ. ನಾಟಿ ಹೇಂಟೆ ಕೂತರೂ ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆ ಅಷ್ಟೇ. ಹಾಗಾಗಿ ಈ ಡಬ್ಬದ, ಅಂದರೆ ಇನ್ಕ್ಯುಬೇಟರ್‌ನ, ಮೊರೆ ಹೋಗುವವರು ಜಾಸ್ತಿ.

ಮೂರು ವಾರ ಎಲ್ಲರೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ. ತಾಪ ಅರ್ಧ ಡಿಗ್ರಿ ಏರಿದರೂ ರಾತ್ರಿ ಎದ್ದು ಓಡುತ್ತಾರೆ. ಆದರೆ ಹೊರಬಂದ ಮರಿಯನ್ನು ಎಲ್ಲಿ ಬಿಡಬೇಕು ಅನ್ನುವ ಯೋಚನೆ ಬರುವುದು ಮರಿ ಚಿಂವ್ ಅಂದ ಮೇಲೆ! ಆಗ ರಟ್ಟಿನ ಡಬ್ಬ ಹುಡುಕು, ಬಲ್ಬು ತಾ, ಹೊಟ್ಟು ಎಲ್ಲಿ ಸಿಗುತ್ತೆ ಕೇಳು ಅಂತ ಮನೆಯವರೆಲ್ಲ ಓಡಾಡುತ್ತಾರೆ. ಚೆನ್ನಾಗಿ ಹುಟ್ಟಿದ ಮರಿಗಳು ಚಳಿ ಹಿಡಿದು ಕೈತಪ್ಪುವುದು ಈ ಗಡಿಬಿಡಿಯಲ್ಲೇ. ಅದಕ್ಕೇ ಈ ಬರಹ ಮರಿಯಿಂದ ಶುರುವಾಗುವುದಿಲ್ಲ. ಮೊಟ್ಟೆ ಇನ್ನೂ ಒಡೆಯದ ದಿನದಿಂದ ಶುರುವಾಗುತ್ತದೆ.

18ನೇ ದಿನ: ಬ್ರೂಡರ್ ಕಟ್ಟುವ ದಿನ

ಕೋಳಿ ಮೊಟ್ಟೆ ಒಡೆಯುವುದು 21ನೇ ದಿನ. 18ನೇ ದಿನಕ್ಕೆ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ತೇವಾಂಶವನ್ನು 65ರಿಂದ 70 ಶೇಕಡಕ್ಕೆ ಏರಿಸಿ, ಮುಚ್ಚಳ ಹಾಕಿಬಿಡುತ್ತೇವೆ ಅಲ್ವಾ? ಅಲ್ಲಿಂದ ಮೂರು ದಿನ ಇನ್ಕ್ಯುಬೇಟರ್‌ನಲ್ಲಿ ನಮಗೆ ಕೆಲಸವಿಲ್ಲ. ಆ ಬಿಡುವಿನಲ್ಲೇ ಬ್ರೂಡರ್, ಅಂದರೆ ಹುಟ್ಟಿದ ಮರಿಗಳನ್ನು ಬೆಚ್ಚಗೆ ಇಡುವ ಆವರಣ, ಕಟ್ಟಿ ಮುಗಿಸಿ.

ಐವತ್ತು ಮರಿಗೆ ಲೆಕ್ಕ ಹೇಳುತ್ತೇನೆ. ನಿಮ್ಮಲ್ಲಿರುವ ಮೊಟ್ಟೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ನಾಲ್ಕು ಅಡಿ ಅಗಲದ ಒಂದು ದುಂಡು ಆವರಣ ಮೊದಲ ವಾರಕ್ಕೆ ಸಾಕು. ಸುತ್ತಳತೆ ಹನ್ನೆರಡೂವರೆ ಅಡಿ ಬರುತ್ತದೆ. ಒಂದೂವರೆ ಅಡಿ ಎತ್ತರದ ತಗಡು ಅಥವಾ ದಪ್ಪ ರಟ್ಟನ್ನು ಹದಿಮೂರು ಅಡಿ ಉದ್ದಕ್ಕೆ ತೆಗೆದುಕೊಂಡು ದುಂಡಗೆ ಬಗ್ಗಿಸಿ, ಎರಡು ತುದಿ ಸೇರಿಸಿ ಕಟ್ಟಿ. ಅಂಗಡಿಯಿಂದ ತಂದ ಫ್ರಿಜ್ಜಿನ ರಟ್ಟಿನ ಡಬ್ಬ ಬಿಡಿಸಿದರೂ ಆಗುತ್ತದೆ. ದುಂಡಗೇ ಯಾಕೆ ಅಂದರೆ, ಚಳಿಯಾದಾಗ ಮರಿಗಳು ಒಂದರ ಮೇಲೊಂದು ಬಿದ್ದು ಮೂಲೆ ಸೇರುತ್ತವೆ. ಕೆಳಗೆ ಸಿಕ್ಕಿಕೊಂಡದ್ದು ಉಸಿರು ಕಟ್ಟಿ ಸಾಯುತ್ತದೆ. ಮೂಲೆಯೇ ಇಲ್ಲದಿದ್ದರೆ ಆ ತೊಂದರೆ ಕಡಿಮೆ. ಚೌಕ ಡಬ್ಬವೇ ಗತಿ ಅಂದರೆ ನಾಲ್ಕು ಮೂಲೆಗೂ ರಟ್ಟು ಅಡ್ಡ ಇಟ್ಟು ದುಂಡಗೆ ಮಾಡಿ.

ನೆಲಕ್ಕೆ ಎರಡು ಇಂಚು ದಪ್ಪ ಭತ್ತದ ಹೊಟ್ಟು ಹರಡಿ. ಭತ್ತ ಇಲ್ಲದ ಕಡೆ ಕಡಲೆಕಾಯಿ ಸಿಪ್ಪೆಯನ್ನು ಪುಡಿ ಮಾಡಿ ಹಾಕಬಹುದು. ಹೊಟ್ಟು ಒಣಗಿರಬೇಕು, ಮುಗ್ಗಲು ವಾಸನೆ ಇರಬಾರದು. ಮರದ ನಯವಾದ ಪುಡಿ ಬೇಡ, ಅದರ ಧೂಳು ಮರಿಯ ಉಸಿರಿಗೆ ಒಳ್ಳೆಯದಲ್ಲ. ಮೊದಲ ಮೂರ್ನಾಲ್ಕು ದಿನ ಹೊಟ್ಟಿನ ಮೇಲೆ ಹಾಸು ಬೇಕು. ಇಲ್ಲದಿದ್ದರೆ ಮರಿಗಳು ಹೊಟ್ಟನ್ನೇ ಮೇವು ಅಂದುಕೊಂಡು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಹಾಸು ಅಂದ ಕೂಡಲೇ ಎಲ್ಲರೂ ನ್ಯೂಸ್ ಪೇಪರ್ ಹಾಕುತ್ತಾರೆ. ಒಂದೇ ಪದರ ನುಣ್ಣಗೆ ಹಾಸಿದರೆ ಮರಿಯ ಕಾಲು ಜಾರುತ್ತದೆ. ಜಾರಿ ಜಾರಿ ಎರಡು ಕಾಲೂ ಅಗಲವಾಗಿ, ಕಪ್ಪೆಯ ಹಾಗೆ ನೆಲಕ್ಕೆ ಹರಡಿಕೊಳ್ಳುತ್ತದೆ. ಪೇಪರ್ ಹಾಕುವುದಾದರೆ ಮೊದಲು ಮುದ್ದೆ ಮಾಡಿ, ಆಮೇಲೆ ಬಿಡಿಸಿ ಹಾಸಿ. ಹಳೇ ಗೋಣಿಚೀಲ ಒಗೆದು ಒಣಗಿಸಿ ಹಾಸುವುದು ನನಗಂತೂ ಇನ್ನೂ ಇಷ್ಟ. ಕಾಲಿಗೆ ಹಿಡಿತ ಸಿಗುತ್ತದೆ, ಮತ್ತೆ ಒಗೆದು ಬಳಸಬಹುದು. ಗೋಣಿಯ ದಾರ ಬಿಚ್ಚಿ ಕಾಲಿಗೆ ಸುತ್ತಿಕೊಳ್ಳದ ಹಾಗೆ ಅಂಚು ಮಡಿಸಿ.

ಇನ್ನು ಬಲ್ಬು. ಇಲ್ಲಿ ಜನ ಎಡವುವುದು ಜಾಸ್ತಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಬೇಕಾಗಿರುವುದು ತಂತಿ ಕೆಂಪಾಗಿ ಉರಿಯುವ ಹಳೇ ಗಾಜಿನ ಬಲ್ಬು. ಊರಿನ ಅಂಗಡಿಯಲ್ಲಿ ಈಗ ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಮೊಟ್ಟೆ ಇಡುವ ದಿನವೇ ನಾಲ್ಕು ತಂದಿಟ್ಟುಕೊಳ್ಳಿ. ಚಳಿ ಇರುವ ಕಡೆ ಮರಿಯೊಂದಕ್ಕೆ ಎರಡು ವ್ಯಾಟ್, ಸೆಕೆ ಇರುವ ಕಡೆ ಒಂದು ವ್ಯಾಟ್ ಲೆಕ್ಕ. ಐವತ್ತು ಮರಿಗೆ 100 ವ್ಯಾಟಿನ ಒಂದೇ ಬಲ್ಬಿಗಿಂತ 60 ವ್ಯಾಟಿನ ಎರಡು ವಾಸಿ. ರಾತ್ರಿ ಎರಡು ಗಂಟೆಗೆ ಒಂದು ಸುಟ್ಟುಹೋದರೆ ಇನ್ನೊಂದು ಬೆಳಗಿನ ತನಕ ಕಾಯುತ್ತದೆ. 250 ವ್ಯಾಟಿನ ಇನ್‌ಫ್ರಾರೆಡ್ ಬಲ್ಬು ಇನ್ನೂರು ಮರಿ ಸಾಕುವವರಿಗೆ ಸರಿ, ಐವತ್ತಕ್ಕೆ ಅದು ಅತಿಯಾಯಿತು. ಸೆರಾಮಿಕ್ ಹೀಟರ್ ಬಲ್ಬು ಹಾಕುವವರು ಹೋಲ್ಡರನ್ನೂ ಪಿಂಗಾಣಿಯದ್ದೇ ತನ್ನಿ. ಪ್ಲಾಸ್ಟಿಕ್ ಹೋಲ್ಡರ್ ಆ ಶಾಖಕ್ಕೆ ಕರಗುತ್ತದೆ. ಅದು ಬೆಳಕು ಕೊಡುವುದಿಲ್ಲ, ಹಾಗಾಗಿ ಪಕ್ಕದಲ್ಲಿ ಒಂದು ಸಣ್ಣ ದೀಪವೂ ಬೇಕು.

ಬಲ್ಬನ್ನು ಹೊಟ್ಟಿನಿಂದ ಒಂದರಿಂದ ಒಂದೂವರೆ ಅಡಿ ಮೇಲೆ, ಏರಿಸಿ ಇಳಿಸಲು ಬರುವ ಹಾಗೆ ತೂಗುಹಾಕಿ. ವೈರಿನ ಮೇಲೆ ಭಾರ ಬಿಡಬೇಡಿ. ಬೇರೆ ಸರಪಳಿಗೋ ಕಬ್ಬಿಣದ ತಂತಿಗೋ ಕಟ್ಟಿ. ಬಲ್ಬು ಹೊಟ್ಟಿನ ಮೇಲೆ ಬಿದ್ದರೆ ಮರಿಯ ಜೊತೆ ಕೊಟ್ಟಿಗೆಯೂ ಹೋಗುತ್ತದೆ. ಬಲ್ಬಿನ ಮೇಲೆ ಹಳೇ ಬಿದಿರಿನ ಮಂಕರಿ ಕವುಚಿ ಇಡುವ ರೂಢಿ ಇದೆ. ಶಾಖ ಮೇಲೆ ಹೋಗದೆ ಕೆಳಗೇ ನಿಲ್ಲುತ್ತದೆ, ಒಳ್ಳೆಯದೇ. ಆದರೆ ಬಲ್ಬು ಬಿದಿರಿಗೆ ತಾಗುವಷ್ಟು ಹತ್ತಿರ ಬೇಡ.

ಇಷ್ಟು ಮಾಡಿ 20ನೇ ದಿನ ಬಲ್ಬು ಹಾಕಿಬಿಡಿ. ಮರಿ ಬಿಡುವ ಹೊತ್ತಿಗೆ ಬ್ರೂಡರ್ ಒಂದು ಇಡೀ ದಿನ ಉರಿದಿರಬೇಕು. ಗಾಳಿ ಹತ್ತು ನಿಮಿಷದಲ್ಲಿ ಬಿಸಿಯಾಗುತ್ತದೆ, ಹೊಟ್ಟು ಮತ್ತು ಅದರ ಕೆಳಗಿನ ಸಿಮೆಂಟು ಬಿಸಿಯಾಗಲು ಹೊತ್ತು ಬೇಕು. ಮರಿ ನಿಲ್ಲುವುದು ನೆಲದ ಮೇಲೆ. ಥರ್ಮಾಮೀಟರನ್ನು ಗೋಡೆಗೆ ತೂಗುಹಾಕಬೇಡಿ. ಬಲ್ಬಿನ ಶಾಖದ ಅಂಚಿನಲ್ಲಿ, ಹೊಟ್ಟಿನಿಂದ ಎರಡು ಇಂಚು ಮೇಲೆ, ಅಂದರೆ ಮರಿಯ ಬೆನ್ನಿನ ಮಟ್ಟಕ್ಕೆ ಇಟ್ಟು ನೋಡಿ. ಅಲ್ಲಿ 35 ಡಿಗ್ರಿ ಸೆಲ್ಸಿಯಸ್ ಬರಬೇಕು. ಫ್ಯಾರನ್‌ಹೀಟ್ ಲೆಕ್ಕದಲ್ಲಿ 95.

ಮರಿಯನ್ನು ಯಾವಾಗ ತೆಗೆಯಬೇಕು

ಮೊಟ್ಟೆಯ ಮೇಲೆ ಮೊದಲ ಬಿರುಕು ಕಂಡ ಮೇಲೆ ಮರಿ ಪೂರ್ತಿ ಹೊರಬರಲು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಹಿಡಿಯುತ್ತದೆ. ನಡುವೆ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಸತ್ತೇಹೋಯಿತು ಅಂತ ಅನಿಸುತ್ತದೆ. ಸತ್ತಿಲ್ಲ, ಸುಧಾರಿಸಿಕೊಳ್ಳುತ್ತಿದೆ. ಒಳಗಿನ ರಕ್ತನಾಳ ಒಣಗಬೇಕು, ಉಳಿದ ಹಳದಿ ಭಾಗ ಹೊಟ್ಟೆಯೊಳಗೆ ಸೇರಬೇಕು. ಈ ಹೊತ್ತಲ್ಲಿ ಮುಚ್ಚಳ ತೆಗೆದು ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಪಕ್ಕದ ಮನೆಯ ಮಕ್ಕಳೂ ಬಂದು ಸಾಲಾಗಿ ನಿಂತಿರುತ್ತಾರೆ. ತೆಗೆಯಬೇಡಿ. ಮುಚ್ಚಳ ತೆಗೆದ ಕೂಡಲೇ ತೇವಾಂಶ ಬಿದ್ದುಹೋಗುತ್ತದೆ. ಅರ್ಧ ಒಡೆದ ಮೊಟ್ಟೆಯ ಒಳಪೊರೆ ಒಣಗಿ ಮರಿಯ ಮೈಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಅದಕ್ಕೆ ತಿರುಗಲು ಆಗುವುದಿಲ್ಲ. ಮಕ್ಕಳಿಗೆ ತೋರಿಸಲು ಡಬ್ಬಕ್ಕೆ ಒಂದು ಗಾಜಿನ ಕಿಟಕಿ ಇಟ್ಟಿದ್ದರೆ ಎಲ್ಲರಿಗೂ ಕ್ಷೇಮ.

ಹುಟ್ಟಿದ ಮರಿಗೆ ತಕ್ಷಣ ನೀರು ಮೇವು ಕೊಡದಿದ್ದರೆ ಸಾಯುತ್ತದೆ ಅನ್ನುವ ಭಯ ಬೇಡ. ಹೊಟ್ಟೆಗೆ ಸೇರಿದ ಹಳದಿ ಭಾಗ ಎರಡರಿಂದ ಮೂರು ದಿನ ಅದನ್ನು ಕಾಯುತ್ತದೆ. ಒಂದು ದಿನದ ಮರಿಗಳನ್ನು ಡಬ್ಬದಲ್ಲಿ ತುಂಬಿ ದೂರದೂರಿಗೆ ಕಳಿಸಲು ಹ್ಯಾಚರಿಯವರಿಗೆ ಆಗುವುದು ಇದರಿಂದಲೇ. ಹಾಗಂತ ಮೂರು ದಿನ ಸುಮ್ನೆ ಬಿಡಿ ಅಂತಲ್ಲ. ಬೇಗ ನೀರು ಮೇವು ಕಂಡ ಮರಿ ಚೆನ್ನಾಗಿ ಬೆಳೆಯುತ್ತದೆ. ಆದರೆ ಒದ್ದೆ ಮರಿಯನ್ನು ಅವಸರದಲ್ಲಿ ತೆಗೆದರೆ ಆಗುವ ನಷ್ಟ, ಆರು ಗಂಟೆ ತಡವಾಗಿ ನೀರು ಕೊಟ್ಟರೆ ಆಗುವ ನಷ್ಟಕ್ಕಿಂತ ದೊಡ್ಡದು.

ಗಡಿಯಾರ ನೋಡಿ ತೆಗೆಯುವ ಬದಲು ಪುಕ್ಕ ನೋಡಿ. ಆಗತಾನೆ ಬಂದ ಮರಿಯ ಮೈ ಒದ್ದೆಯಾಗಿ, ಎಳೆ ಎಳೆಯಾಗಿ ಅಂಟಿಕೊಂಡಿರುತ್ತದೆ. ಕತ್ತು ಎತ್ತಲೂ ಆಗದೆ ಬಿದ್ದಿರುತ್ತದೆ. ನಾಲ್ಕೈದು ಗಂಟೆಯಲ್ಲಿ ಬೆನ್ನು ಒಣಗುತ್ತದೆ, ಆದರೆ ಕತ್ತಿನ ಹಿಂಭಾಗ ಮತ್ತು ಹೊಟ್ಟೆಯ ಅಡಿ ಇನ್ನೂ ತೇವವಾಗಿಯೇ ಇರುತ್ತದೆ. ಆ ಎರಡೂ ಜಾಗ ಹತ್ತಿಯ ಹಾಗೆ ಉಬ್ಬಿ, ಮರಿ ಎದ್ದು ಅಕ್ಕಪಕ್ಕದ ಮೊಟ್ಟೆಗಳನ್ನು ಒದ್ದು ಉರುಳಿಸಲು ಶುರು ಮಾಡಿದರೆ ಅದು ಸಿದ್ಧ ಅಂತ ಅರ್ಥ. ಇದಕ್ಕೆ ಒಟ್ಟು ಹನ್ನೆರಡು ಗಂಟೆಯಾದರೂ ಬೇಕಾಗುತ್ತದೆ, ಕೆಲವಕ್ಕೆ ಇಪ್ಪತ್ತನಾಲ್ಕು.

ಎಲ್ಲ ಮೊಟ್ಟೆ ಒಟ್ಟಿಗೆ ಒಡೆಯುವುದಿಲ್ಲ. ಮೊದಲ ಮರಿಗೂ ಕೊನೆಯ ಮರಿಗೂ ಒಂದು ಒಂದೂವರೆ ದಿನದ ಅಂತರ ಮಾಮೂಲು. ಹಾಗಾಗಿ ಒಂದೊಂದೇ ಮರಿ ಒಣಗಿದ ಹಾಗೆ ಮುಚ್ಚಳ ತೆಗೆಯುವ ಬದಲು ಎರಡು ಸುತ್ತಿನಲ್ಲಿ ಮುಗಿಸಿ. ಮೊದಲ ಮರಿ ಬಂದು ಸುಮಾರು ಒಂದು ದಿನಕ್ಕೆ ಒಣಗಿದವನ್ನೆಲ್ಲ ತೆಗೆಯಿರಿ. ಇಪ್ಪತ್ತನಾಲ್ಕು ಗಂಟೆ ಬಿಟ್ಟು ಉಳಿದವು. ಯಾವುದಾದರೂ ಮೊಟ್ಟೆ ಆಗತಾನೆ ತೂತು ಬಿದ್ದಿದ್ದರೆ ಅದು ಮುಗಿಯುವ ತನಕ ಕಾಯುವುದು ಒಳ್ಳೆಯದು. ಕಾಯಲು ಆಗದಿದ್ದರೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ಸ್ಪಂಜು ರೆಡಿ ಇಟ್ಟುಕೊಂಡು, ಮರಿ ತೆಗೆದ ಕೂಡಲೇ ಸ್ಪಂಜನ್ನು ಒಳಗಿಟ್ಟು ಮುಚ್ಚಿ.

ತೆಗೆಯುವ ಕ್ರಮ

ಬೆಳಗಿನ ಹೊತ್ತು ತೆಗೆಯಿರಿ. ಇಡೀ ಹಗಲು ಮರಿಗಳನ್ನು ನೋಡಲು ಸಿಗುತ್ತದೆ. ಕತ್ತಲಾಗುವ ಹೊತ್ತಿಗೆ ಎಲ್ಲ ಮರಿ ನೀರು ಮೇವು ಕಲಿತಿರುತ್ತವೆ. ರಾತ್ರಿ ಒಣಗಿದ ಮರಿ ಬೆಳಗಿನ ತನಕ ಇನ್ಕ್ಯುಬೇಟರ್‌ನಲ್ಲೇ ಇದ್ದರೆ ಏನೂ ಆಗುವುದಿಲ್ಲ.

ಮೊದಲು ಕೋಣೆಯ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಕಿಟಕಿ ಬಾಗಿಲು ಮುಚ್ಚಿ. ಕೈಯನ್ನು ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಒಂದು ಚಿಕ್ಕ ರಟ್ಟಿನ ಡಬ್ಬಕ್ಕೆ ಹತ್ತಿಬಟ್ಟೆ ಹಾಸಿ, ಐದು ನಿಮಿಷ ಬ್ರೂಡರ್ ಬಲ್ಬಿನ ಕೆಳಗೆ ಇಟ್ಟು ಬೆಚ್ಚಗೆ ಮಾಡಿಕೊಳ್ಳಿ. ಬ್ರೂಡರ್ ಪಕ್ಕದ ಕೋಣೆಯಲ್ಲೇ ಇದ್ದರೂ ಈ ಡಬ್ಬ ಬೇಕು. ಮರಿಯನ್ನು ಕೈಯಲ್ಲಿ ಎರಡೆರಡೇ ಹಿಡಿದು ಹೋಗಿ ಬರುತ್ತಿದ್ದರೆ ಅಷ್ಟೂ ಹೊತ್ತು ಇನ್ಕ್ಯುಬೇಟರ್ ತೆರೆದೇ ಇರುತ್ತದೆ.

ಮರಿಯನ್ನು ಕತ್ತು ಹಿಡಿದೋ ರೆಕ್ಕೆ ಹಿಡಿದೋ ಎತ್ತಬೇಡಿ. ಅಂಗೈಯನ್ನು ಹೊಟ್ಟೆಯ ಅಡಿಗೆ ತೂರಿಸಿ ಎತ್ತಿ. ಎಲ್ಲವನ್ನೂ ಡಬ್ಬಕ್ಕೆ ಹಾಕಿ ಇನ್ಕ್ಯುಬೇಟರ್ ಮುಚ್ಚಿ. ಡಬ್ಬದ ಮೇಲೆ ಒಂದು ತೆಳು ಬಟ್ಟೆ ಹೊದಿಸಿ ಬ್ರೂಡರ್ ಹತ್ತಿರ ಒಯ್ಯಿರಿ. ಎಣಿಸಿಕೊಳ್ಳುವುದನ್ನು ಮರೆಯಬೇಡಿ. ಸಂಜೆ ಒಂದು ಕಡಿಮೆಯಾದರೆ ಇಲಿಯ ಕೆಲಸವೋ ನಿಮ್ಮ ಲೆಕ್ಕದ ತಪ್ಪೋ ಗೊತ್ತಾಗಬೇಕಲ್ಲ.

ಬ್ರೂಡರ್‌ಗೆ ಬಿಡುವ ಮುಂಚೆ ಒಂದೊಂದನ್ನೂ ತಿರುಗಿಸಿ ಹೊಕ್ಕಳು ನೋಡಿ. ಚೆನ್ನಾಗಿ ಮುಚ್ಚಿ, ಒಣಗಿ, ಪುಕ್ಕದಲ್ಲಿ ಮರೆಯಾಗಿದ್ದರೆ ಸರಿ. ಚಿಕ್ಕ ಕಪ್ಪು ಹೆಪ್ಪಾಗಲಿ ಒಣಗಿದ ದಾರದಂಥದ್ದಾಗಲಿ ಅಂಟಿಕೊಂಡಿದ್ದರೆ ಎಳೆಯಬೇಡಿ, ತಾನಾಗೇ ಉದುರುತ್ತದೆ. ಎಳೆದರೆ ಕರುಳೇ ಹೊರಬರಬಹುದು. ಹೊಕ್ಕಳು ಇನ್ನೂ ತೆರೆದಿದ್ದರೆ, ಕೆಂಪಾಗಿದ್ದರೆ ಹತ್ತಿಯಲ್ಲಿ ಪೊವಿಡೋನ್ ಅಯೋಡಿನ್ ಅದ್ದಿ ಒತ್ತಿ, ಆ ಮರಿಯನ್ನು ಒಂದು ದಿನ ಬೇರೆ ಇಡಿ. ಇಲ್ಲದಿದ್ದರೆ ಬೇರೆ ಮರಿಗಳು ಅಲ್ಲೇ ಕುಕ್ಕುತ್ತವೆ. ಹೊಟ್ಟೆ ಊದಿ, ಕೆಟ್ಟ ವಾಸನೆ ಬರುವ ಮರಿ ಉಳಿಯುವುದು ಕಷ್ಟ. ಅದನ್ನು ಉಳಿದವುಗಳ ಜೊತೆ ಸೇರಿಸಬೇಡಿ.

ಮೊದಲು ನೀರು, ಆಮೇಲೆ ಮೇವು

ನೀರನ್ನು ಮರಿ ಬಿಡುವ ಒಂದೆರಡು ಗಂಟೆ ಮುಂಚೆಯೇ ಬ್ರೂಡರ್ ಒಳಗಿಡಿ. ಅಷ್ಟರಲ್ಲಿ ಅದು ಉಗುರುಬೆಚ್ಚಗಾಗಿರುತ್ತದೆ. ಚಳಿ ದಿನದಲ್ಲಿ ಬೋರಿನ ತಣ್ಣೀರು ಕುಡಿದ ಪುಟ್ಟ ಮರಿ ಒಳಗಿನಿಂದಲೇ ತಣ್ಣಗಾಗುತ್ತದೆ. ಲೀಟರಿಗೆ 50 ಗ್ರಾಂ ಬೆಲ್ಲ ಅಥವಾ ಗ್ಲೂಕೋಸ್ ಕರಗಿಸಿ ಮೊದಲ ಅರ್ಧ ದಿನ ಕೊಡಿ. ಅದಕ್ಕಿಂತ ಜಾಸ್ತಿ ಹೊತ್ತು ಬೇಡ, ಭೇದಿ ಶುರುವಾಗುತ್ತದೆ, ಡ್ರಿಂಕರ್ (ಮರಿ ನೀರು ಕುಡಿಯುವ ಪಾತ್ರೆ) ಸುತ್ತ ಇರುವೆ ಮುತ್ತುತ್ತದೆ. ಅರಿಶಿನ ಹಾಕುವವರು ಹಾಕಿಕೊಳ್ಳಿ, ನಷ್ಟವೇನಿಲ್ಲ. ಆದರೆ ಲಸಿಕೆಯ ಕೆಲಸವನ್ನು ಅರಿಶಿನ ಮಾಡುವುದಿಲ್ಲ.

ಡಬ್ಬದಿಂದ ಒಂದೊಂದೇ ಮರಿ ತೆಗೆದು ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿ. ತುದಿ ಮಾತ್ರ. ಮೂಗಿನ ಹೊಳ್ಳೆ ಮುಳುಗಬಾರದು. ಮರಿ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಆಮೇಲೆ ಕೊಕ್ಕು ಚಪ್ಪರಿಸಿ, ತಲೆಯನ್ನು ಮೇಲೆತ್ತಿ ನುಂಗುತ್ತದೆ. ಆ ತಲೆ ಎತ್ತುವುದನ್ನು ನೋಡಿದ ಮೇಲೆ ಬಿಡಿ. ಐವತ್ತಕ್ಕೂ ಹೀಗೆ ಮಾಡಬೇಕಾ ಅಂತ ಕೇಳುತ್ತಾರೆ. ಐವತ್ತಕ್ಕಾದರೆ ಮಾಡಿ, ಅರ್ಧ ಗಂಟೆಯ ಕೆಲಸ. ಐನೂರಕ್ಕಾದರೆ ಹತ್ತರಲ್ಲಿ ಒಂದಕ್ಕೆ ಕಲಿಸಿದರೆ ಸಾಕು, ಉಳಿದವು ಅದನ್ನು ನೋಡಿ ಕಲಿಯುತ್ತವೆ.

ಐವತ್ತು ಮರಿಗೆ ಎರಡು ಲೀಟರಿನ ಚಿಕ್ಕ ಡ್ರಿಂಕರ್ ಎರಡು ಇಡಿ. ನೇರ ಬಲ್ಬಿನ ಕೆಳಗೆ ಬೇಡ, ಶಾಖದ ಅಂಚಿನಲ್ಲಿರಲಿ. ಡ್ರಿಂಕರ್ ಇಲ್ಲದೆ ತಟ್ಟೆಯಲ್ಲಿ ನೀರಿಡುವವರು ತಟ್ಟೆ ತುಂಬ ತೊಳೆದ ಬೆಣಚುಕಲ್ಲು ಹಾಕಿ. ಅರ್ಧ ಇಂಚು ನೀರಿನಲ್ಲೂ ಮರಿ ಮುಳುಗುತ್ತದೆ, ಮುಳುಗದಿದ್ದರೂ ಹೊಟ್ಟೆ ಒದ್ದೆಯಾಗಿ ಚಳಿ ಹಿಡಿಯುತ್ತದೆ.

ನೀರು ಕುಡಿದು ಒಂದೆರಡು ಗಂಟೆಯ ಮೇಲೆ ಮೇವು. ಮೊದಲ ದಿನ ಮೆಕ್ಕೆಜೋಳದ ಸಣ್ಣ ನುಚ್ಚು ಅಥವಾ ಅಕ್ಕಿ ನುಚ್ಚನ್ನು ಹಾಸಿನ ಮೇಲೇ ಚೆಲ್ಲಿ. ಬೆರಳಿನ ಉಗುರಿನಿಂದ ಟಕ್ ಟಕ್ ಅಂತ ಹಾಸಿನ ಮೇಲೆ ಕುಟ್ಟಿ. ತಾಯಿಕೋಳಿ ಕುಕ್ಕಿ ತೋರಿಸುವುದೂ ಹೀಗೇ ತಾನೇ. ಮರಿಗಳು ಸದ್ದಿಗೆ ಓಡಿಬರುತ್ತವೆ. ಎರಡನೇ ದಿನದಿಂದ ಚಿಕ್ ಸ್ಟಾರ್ಟರ್ ಫೀಡ್ ಕೊಡಿ, ಪ್ರೋಟೀನ್ ಶೇಕಡ 20ರ ಮೇಲಿರುವಂಥದ್ದು. ದೊಡ್ಡ ಕೋಳಿಗಳಿಗೆ ತಂದ ಲೇಯರ್ ಫೀಡ್ ಮನೆಯಲ್ಲಿದೆ ಅಂತ ಅದನ್ನೇ ಹಾಕಬೇಡಿ. ಅದರಲ್ಲಿ ಮೊಟ್ಟೆ ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ಜಾಸ್ತಿ, ಮರಿಯ ಮೂತ್ರಪಿಂಡ ಅದನ್ನು ತಡೆಯುವುದಿಲ್ಲ. ಬರೀ ನುಚ್ಚು, ರಾಗಿಯಲ್ಲೇ ಸಾಕುತ್ತೇನೆ ಅಂದರೆ ಮರಿ ಬದುಕುತ್ತದೆ, ಬೆಳೆಯುವುದಿಲ್ಲ. ಮೊದಲ ವಾರಕ್ಕೆ ಐವತ್ತು ಮರಿಗೆ ಮೂರರಿಂದ ನಾಲ್ಕು ಕೆಜಿ ಫೀಡ್ ಆದರೆ ಸಾಕು, ಉಳಿಸಲು ಹೋಗುವಂಥ ಖರ್ಚಲ್ಲ.

ಸಂಜೆ ಒಂದು ಪರೀಕ್ಷೆ. ಹತ್ತು ಮರಿ ಹಿಡಿದು ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಮೆತ್ತಗೆ, ಗಂಜಿ ತುಂಬಿದ ಹಾಗಿದ್ದರೆ ನೀರೂ ಮೇವೂ ಎರಡೂ ಸಿಕ್ಕಿದೆ. ಗಟ್ಟಿ ಕಾಳಿನ ಹಾಗಿದ್ದರೆ ನೀರು ಸಿಕ್ಕಿಲ್ಲ. ಖಾಲಿ ಇದ್ದರೆ ಏನೂ ಸಿಕ್ಕಿಲ್ಲ. ಹತ್ತರಲ್ಲಿ ಎಂಟಾದರೂ ತುಂಬಿರಬೇಕು. ಇಲ್ಲದಿದ್ದರೆ ಡ್ರಿಂಕರ್ ದೂರ ಇದೆಯಾ, ಬೆಳಕು ಕಡಿಮೆಯಾ, ಚಳಿಗೆ ಗುಂಪು ಬಿಟ್ಟು ಬರುತ್ತಿಲ್ಲವಾ ಅಂತ ನೋಡಿ. ಮೊದಲ ಎರಡು ದಿನ ರಾತ್ರಿಯೂ ಬೆಳಕಿರಲಿ.

ಮರಿಗಳು ಎಲ್ಲಿ ಕೂತಿವೆ ನೋಡಿ

ಥರ್ಮಾಮೀಟರ್ 35 ತೋರಿಸುತ್ತಿದೆ, ಆದರೂ ಮರಿಗಳೆಲ್ಲ ಬಲ್ಬಿನ ಕೆಳಗೆ ಒತ್ತೊತ್ತಾಗಿ ಕೂತು ಕಿರುಚುತ್ತಿವೆ. ಯಾರನ್ನು ನಂಬುತ್ತೀರಿ? ಮರಿಯನ್ನು ನಂಬಿ, ಬಲ್ಬು ಎರಡು ಇಂಚು ಕೆಳಗಿಳಿಸಿ. ಬಲ್ಬಿನಿಂದ ದೂರ ತಗಡಿಗೆ ಅಂಟಿಕೊಂಡು, ರೆಕ್ಕೆ ಇಳಿಬಿಟ್ಟು, ಕೊಕ್ಕು ತೆರೆದು ತೇಕುತ್ತಿದ್ದರೆ ಸೆಕೆಯಾಗಿದೆ, ಮೇಲೇರಿಸಿ. ಎಲ್ಲ ಒಂದೇ ಪಕ್ಕಕ್ಕೆ ಸರಿದಿದ್ದರೆ ಎದುರು ಪಕ್ಕದಿಂದ ಗಾಳಿ ನುಗ್ಗುತ್ತಿದೆ. ಬಾಗಿಲ ಕೆಳಗಿನ ಸಂದಿ ನೋಡಿ. ಅಲ್ಲೊಂದು ಇಲ್ಲೊಂದು ಹರಡಿಕೊಂಡು, ಕೆಲವು ತಿನ್ನುತ್ತ, ಕೆಲವು ಕಾಲು ಚಾಚಿ ಮಲಗಿ, ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರೆ ಎಲ್ಲ ಸರಿಯಿದೆ. ಹೊಸಬರು ಕಾಲು ಚಾಚಿ ಮಲಗಿದ ಮರಿ ಕಂಡು ಹೆದರುತ್ತಾರೆ. ಅದು ನಿದ್ದೆ.

ನೆಲ ಬೆಚ್ಚಗಿದೆಯಾ ಅಂತ ತಿಳಿಯಲು ಒಂದು ಸುಲಭ ಉಪಾಯ ಇದೆ. ಒಂದು ಮರಿ ಎತ್ತಿ ಅದರ ಪಾದವನ್ನು ನಿಮ್ಮ ಕೆನ್ನೆಗೋ ಕುತ್ತಿಗೆಗೋ ಒತ್ತಿ. ತಣ್ಣಗೆ ತಾಗಿದರೆ ಗಾಳಿ ಎಷ್ಟೇ ಬಿಸಿಯಿದ್ದರೂ ಹೊಟ್ಟು ತಣ್ಣಗಿದೆ. ಹೊಟ್ಟಿನ ದಪ್ಪ ಹೆಚ್ಚಿಸಿ. ಆಮೇಲೆ ಮುಖ ತೊಳೆದುಕೊಳ್ಳಿ. ಕೋಳಿಮರಿಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮಕ್ಕಳು ಮುತ್ತು ಕೊಡಲು ಬಿಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಸಿ.

ಮೊದಲ ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಗಿನ ಜಾವ ನಾಲ್ಕಕ್ಕೆ ಒಮ್ಮೆ ಎದ್ದು ನೋಡಿ. ಚಳಿ ಬಿಗಿಯಾಗುವುದು ಆ ಹೊತ್ತಿಗೆ. ಚಳಿ ಅಂತ ಇಡೀ ಬ್ರೂಡರ್‌ಗೆ ಟಾರ್ಪಾಲು ಹೊದಿಸಿ ಗಾಳಿಯೇ ಆಡದ ಹಾಗೆ ಮಾಡಬೇಡಿ. ಬಗ್ಗಿದಾಗ ನಿಮ್ಮ ಕಣ್ಣು ಉರಿದರೆ ಒಳಗೆ ಹಿಕ್ಕೆಯಿಂದ ಏಳುವ ಅಮೋನಿಯಾ ಅನ್ನುವ ಘಾಟು ಗಾಳಿ ತುಂಬಿದೆ ಅಂತ ಅರ್ಥ.

ವಾರಕ್ಕೆ ಸುಮಾರು 3 ಡಿಗ್ರಿಯಂತೆ ಶಾಖ ಇಳಿಸುತ್ತ ಹೋಗಿ. ಮೊದಲ ವಾರ 35, ಎರಡನೇ ವಾರ 32, ಮೂರನೇ ವಾರ 29. ಹೊರಗಿನ ತಾಪಕ್ಕೆ ಸಮನಾದ ಮೇಲೆ ಬಲ್ಬು ಬೇಡ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಹೊರಗೇ 40 ದಾಟುತ್ತದೆ. ಅಲ್ಲಿ ಹಗಲು ಬಲ್ಬು ಹಾಕಿದರೆ ಮರಿ ಸಾಯುವುದು ಸೆಕೆಗೆ. ರಾತ್ರಿ ಮಾತ್ರ ಹಾಕಿ, ಹಗಲು ಕಿಟಕಿಗೆ ಒದ್ದೆ ಗೋಣಿ ಕಟ್ಟಿ. ಮಲೆನಾಡಿನ ಜುಲೈ ಮಳೆಯಲ್ಲಾದರೆ ನಾಲ್ಕನೇ ವಾರದಲ್ಲೂ ಬಲ್ಬು ಬೇಕಾಗುತ್ತದೆ. ಆವರಣವನ್ನೂ ಮರಿ ಬೆಳೆದ ಹಾಗೆ ಹಿಗ್ಗಿಸಿ. ನಾಲ್ಕನೇ ವಾರಕ್ಕೆ ಮರಿಯೊಂದಕ್ಕೆ ಅರ್ಧ ಚದರಡಿ ಬೇಕು.

ಕರೆಂಟು ಹೋದರೆ

ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. ಒಂದು ಗಂಟೆ ಹೋದರೆ ಬ್ರೂಡರ್ ಮೇಲೆ ಕಂಬಳಿ ಹೊದಿಸಿ, ಗಾಳಿಗೆ ಒಂದು ಪಕ್ಕ ಸ್ವಲ್ಪ ತೆರೆದಿಟ್ಟರೆ ಸಾಕು. ಮರಿಗಳು ಒಂದಕ್ಕೊಂದು ಒತ್ತಿಕೊಂಡು ಶಾಖ ಉಳಿಸಿಕೊಳ್ಳುತ್ತವೆ. ಜಾಸ್ತಿ ಹೊತ್ತಾದರೆ ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ ನಡುವೆ ಮಲಗಿಸಿ. ಗಂಟೆಗೊಮ್ಮೆ ನೀರು ಬದಲಿಸಬೇಕಾಗುತ್ತದೆ. ಕೆಂಡ ತುಂಬಿದ ಮಡಕೆ ಇಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಶಾಖವೇನೋ ಚೆನ್ನಾಗಿ ಬರುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬುತ್ತದೆ, ಮರಿಗೂ ಅಲ್ಲೇ ಮಲಗಿದ ಮನುಷ್ಯನಿಗೂ ಅಪಾಯ. ಕಿಟಕಿ ತೆರೆದಿದ್ದರೆ ಮಾತ್ರ, ಹೊಟ್ಟಿನಿಂದ ದೂರ, ಇಟ್ಟಿಗೆಯ ಮೇಲೆ ಇಡಿ.

ಅದೃಷ್ಟಕ್ಕೆ ಮನೆಯಲ್ಲಿ ಕಾವಿಗೆ ಕೂತ ನಾಟಿ ಹೇಂಟೆ ಇದ್ದರೆ ಬಲ್ಬು, ಕರೆಂಟು ಯಾವ ಗೋಳೂ ಇಲ್ಲ. ಕತ್ತಲಾದ ಮೇಲೆ, ಅದು ಮಲಗಿರುವಾಗ, ಒಂದೊಂದೇ ಮರಿಯನ್ನು ರೆಕ್ಕೆಯಡಿ ತೂರಿಸಿ, ಕೂತ ಮೊಟ್ಟೆ ತೆಗೆದುಬಿಡಿ. ಹೆಚ್ಚಿನವು ಬೆಳಗ್ಗೆ ತನ್ನದೇ ಅಂತ ಒಪ್ಪಿಕೊಳ್ಳುತ್ತವೆ. ಮರಿ ಹುಟ್ಟಿದ ಮೊದಲ ಒಂದೆರಡು ದಿನದಲ್ಲೇ ಇದು ಆಗಬೇಕು, ಹೇಂಟೆಯೂ ಕೆಲವು ದಿನ ಕಾವಿಗೆ ಕೂತಿದ್ದಿರಬೇಕು. ಬೆಳಕು ಹರಿಯುವಾಗ ಹತ್ತಿರವೇ ಇದ್ದು ನೋಡಿ. ಕುಕ್ಕಿ ಓಡಿಸುವ ಹೇಂಟೆಯೂ ಇರುತ್ತದೆ.

ಮೊದಲ ವಾರ ಕಾಣುವ ತೊಂದರೆಗಳು

ಹಿಂಭಾಗಕ್ಕೆ ಹಿಕ್ಕೆ ಅಂಟಿ ಗಟ್ಟಿಯಾಗುವುದು ತುಂಬ ಸಾಮಾನ್ಯ. ಶಾಖ ಹೆಚ್ಚು ಕಡಿಮೆಯಾದರೆ, ನೀರು ಸಾಲದಿದ್ದರೆ ಹೀಗಾಗುತ್ತದೆ. ಹಾಗೇ ಬಿಟ್ಟರೆ ದ್ವಾರ ಮುಚ್ಚಿ ಮರಿ ಸಾಯುತ್ತದೆ. ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ, ಕರಗಿಸಿ ತೆಗೆಯಿರಿ, ಕಿತ್ತರೆ ಚರ್ಮ ಹರಿಯುತ್ತದೆ. ಒಣಗಿಸಿ ಆ ಜಾಗಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಬಿಡಿ. ಹೊಕ್ಕಳನ್ನು ಇದೇ ಅಂದುಕೊಂಡು ಉಜ್ಜಬೇಡಿ. ಹೊಕ್ಕಳು ಹೊಟ್ಟೆಯ ಅಡಿಗಿದೆ, ಇದು ಬಾಲದ ಕೆಳಗೆ.

ಕಾಲು ಅಗಲವಾದ ಮರಿಗೆ ಮೊದಲ ದಿನವೇ ಪಟ್ಟಿ ಹಾಕಿದರೆ ಸರಿಹೋಗುತ್ತದೆ. ಮೆಡಿಕಲ್ ಅಂಗಡಿಯ ಬ್ಯಾಂಡೇಜ್ ಪಟ್ಟಿಯನ್ನು ಉದ್ದಕ್ಕೆ ಸೀಳಿ, ಎರಡು ಕಾಲಿಗೂ ಸುತ್ತಿ, ನಡುವೆ ಒಂದು ಇಂಚಿನಷ್ಟು ಅಂತರ ಉಳಿಯುವ ಹಾಗೆ ಅಂಟಿಸಿ. ಎರಡು ಮೂರು ದಿನ ಇರಲಿ. ಬಿಗಿ ಬೇಡ. ಒಂದು ವಾರ ತಡ ಮಾಡಿದರೆ ಮೂಳೆ ಹಾಗೇ ಬಲಿತುಬಿಡುತ್ತದೆ.

ಇಲಿ ಒಂದೇ ರಾತ್ರಿಯಲ್ಲಿ ಇಡೀ ಬ್ರೂಡರ್ ಖಾಲಿ ಮಾಡಬಲ್ಲದು. ಷಡ್ಭುಜದ ಕಣ್ಣಿನ ಕೋಳಿ ಜಾಲರಿಯಲ್ಲಿ ಇಲಿ ಸಲೀಸಾಗಿ ನುಗ್ಗುತ್ತದೆ, ಅರ್ಧ ಇಂಚಿನ ವೆಲ್ಡ್ ಮೆಶ್ ತನ್ನಿ. ಬೆಕ್ಕು, ಮುಂಗುಸಿ, ಹಾವಿಗೂ ಅದೇ ಮದ್ದು. ಇರುವೆ ಚಿಕ್ಕದು ಅಂತ ಬಿಡಬೇಡಿ. ಏಳಲಾಗದ ಮರಿಯ ಕಣ್ಣಿಗೇ ಮುತ್ತುತ್ತವೆ. ಆವರಣದ ಹೊರಗೆ ಸುತ್ತ ಸುಣ್ಣದ ಪುಡಿ ಹಾಕಿ. ಒದ್ದೆಯಾದ ಹೊಟ್ಟನ್ನು ಅವತ್ತವತ್ತೇ ತೆಗೆಯಿರಿ. ಮೂರನೇ ವಾರದ ಮೇಲೆ ಬರುವ ರಕ್ತಭೇದಿಗೆ ಒದ್ದೆ ಹೊಟ್ಟೇ ಮೂಲ.

ಒಡೆಯದೆ ಉಳಿದ ಮೊಟ್ಟೆಗಳು

ಮರಿಗಳ ಗಲಾಟೆಯಲ್ಲಿ ಇನ್ಕ್ಯುಬೇಟರ್ ಆಫ್ ಮಾಡಿಬಿಡಬೇಡಿ. 23ನೇ ದಿನದ ತನಕ ಉರಿಯಲಿ. ತೂತು ಬಿದ್ದು ಇಪ್ಪತ್ತನಾಲ್ಕು ಗಂಟೆ ದಾಟಿದರೂ ಮುಂದುವರಿಯದ ಮೊಟ್ಟೆಗೆ ಮಾತ್ರ ಸಹಾಯ ಮಾಡಬಹುದು. ಬೆಚ್ಚನೆ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪೊರೆ ನೆನೆಸಿ, ಚಿಪ್ಪನ್ನು ಚೂರು ಚೂರೇ ಬಿಡಿಸಿ. ರಕ್ತ ಕಂಡರೆ ಅಲ್ಲಿಗೆ ನಿಲ್ಲಿಸಿ ಮತ್ತೆ ಒಳಗಿಡಿ. ಹೀಗೆ ಬಂದ ಮರಿಯನ್ನು ನೇರ ಗುಂಪಿಗೆ ಬಿಡಬೇಡಿ. ಚೆನ್ನಾಗಿ ಒಣಗಿಸಿ, ಒಂದು ದಿನ ಚಿಕ್ಕ ಡಬ್ಬದಲ್ಲಿ ಅದಕ್ಕಿಂತ ಮೆತ್ತಗಿನ ಇನ್ನೊಂದು ಮರಿಯ ಜೊತೆ ಇಟ್ಟು ಆಮೇಲೆ ಸೇರಿಸಿ.

ಎಲ್ಲ ಮುಗಿದ ಮೇಲೆ ಚಿಪ್ಪು, ಪುಕ್ಕದ ಧೂಳು ತೆಗೆದು, ಸೋಪಿನ ನೀರಲ್ಲಿ ಒರೆಸಿ, ಬಿಸಿಲಿಗೆ ಒಣಗಿಸಿ. ಇವತ್ತು ಬೇಸರವಾಯಿತು ಅಂತ ಹಾಗೇ ಮುಚ್ಚಿಟ್ಟರೆ ಮುಂದಿನ ಸಲದ ಹೊಕ್ಕಳ ರೋಗಕ್ಕೆ ಬೀಜ ಬಿತ್ತಿದ ಹಾಗೆ.

ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿ. ಎಫ್ ಒನ್ ಅಥವಾ ಲಸೋಟಾ, ಕಣ್ಣಿಗೆ ಒಂದು ಹನಿ. ಎರಡನೇ ವಾರದಲ್ಲಿ ಗುಂಬೋರೊ ರೋಗದ ಲಸಿಕೆ, ನಾಲ್ಕನೇ ವಾರದಲ್ಲಿ ಮತ್ತೆ ಲಸೋಟಾ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮುಂಚೆಯೇ ಕೇಳಿಟ್ಟುಕೊಳ್ಳಿ. ಲಸಿಕೆಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲೇ ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಒಂದು ಬಾಟಲಿಯಲ್ಲಿ ನೂರಕ್ಕೆ ಕಡಿಮೆ ಡೋಸ್ ಸಿಗುವುದು ಅಪರೂಪ, ಐವತ್ತು ಮರಿಗೆ ಅರ್ಧ ಚೆಲ್ಲಬೇಕಾಗುತ್ತದೆ. ಬೀದಿಯಲ್ಲಿ ಇನ್ಯಾರ ಮನೆಯಲ್ಲಿ ಮರಿ ಇದೆ ಅಂತ ಹಿಂದಿನ ದಿನವೇ ವಿಚಾರಿಸಿ, ಒಟ್ಟಿಗೆ ಹಾಕಿಸಿಕೊಳ್ಳಿ.